ಸಿವಾ ಓಯಸಿಸ್‌ಗೆ ಮೂರನೆಯ ಸಲ: ಏಜೆಂಟರಿಲ್ಲದೆ ಹೋಗಿಬಂದ ನನ್ನ ಅನುಭವ

ಈಜಿಪ್ಟಿನ ಪಶ್ಚಿಮ ಮರುಭೂಮಿಯಲ್ಲಿ, ಲಿಬಿಯಾದ ಗಡಿಗೆ ಐವತ್ತು ಕಿಲೋಮೀಟರ್ ಈಚೆಗಿರುವ ಸಿವಾಕ್ಕೆ ಏಜೆಂಟರ ಹಂಗಿಲ್ಲದೆ, ಬಸ್ಸು ಮತ್ತು ಮೈಕ್ರೋಬಸ್ಸುಗಳಲ್ಲಿ, ಅದೂ ಸಸ್ಯಾಹಾರಿಯಾಗಿಯೇ ಹೋಗಿ ಬರುತ್ತೇನೆಂದು ನಾನು ಹೇಳಿದಾಗ ದುಬೈನ ನಮ್ಮ ಕನ್ನಡ ಗೆಳೆಯರಲ್ಲಿ ಒಬ್ಬರೂ ನಂಬಲಿಲ್ಲ. "ಮರಳು ನೋಡ್ಲಿಕ್ಕೆ ಅಷ್ಟು ದೂರ ಯಾಕೆ ಮಾರಾಯ್ರೆ, ಇಲ್ಲಿ ಇರುವುದು ಸಾಲದಾ?" ಎಂದು ಕೇಳಿದ ಮಂಗಳೂರಿನ ಗೆಳೆಯರ ಮಾತಿನಲ್ಲಿ ತಮಾಷೆಗಿಂತ ಕನಿಕರವೇ ಹೆಚ್ಚಾಗಿತ್ತು, ಏಕೆಂದರೆ ಆ ಹೊತ್ತಿಗೆ ನಾನು ಎರಡು ಸಲ ಹೊರಟು ಎರಡು ಸಲವೂ ಸಿವಾ ಕಾಣದೆ ಹಿಂತಿರುಗಿದ್ದೆ. 2024ರ ನವೆಂಬರಿನಲ್ಲಿ ಮೂರನೆಯ ಪ್ರಯತ್ನ ಫಲಿಸಿತು.

ಮೊದಲ ಸೋಲು 2022ರ ಜನವರಿಯದು. ಕೈರೋದ ಏಜೆಂಟರೊಬ್ಬರು ಮೂರು ದಿನಗಳ ಪ್ರವಾಸಕ್ಕೆ 600 ಡಾಲರ್ ಕೇಳಿ, ಬಹರಿಯಾ ಓಯಸಿಸ್‌ನಿಂದ ನೇರವಾಗಿ ಮರುಭೂಮಿಯನ್ನು ಸೀಳಿಕೊಂಡು ಹೋಗುವ ಒಳದಾರಿಯಲ್ಲಿ ಕರೆದೊಯ್ಯುವುದಾಗಿ ಹೇಳಿದ್ದರು. ನಾನೂರು ಕಿಲೋಮೀಟರಿಗೂ ಮೀರಿದ ಆ ದಾರಿಗೆ ಸೇನೆಯ ಅನುಮತಿ ಬೇಕಿತ್ತು. "ಅದು ನಮ್ಮ ಜವಾಬ್ದಾರಿ" ಎಂಬ ಮಾತನ್ನು ನಂಬಿ 150 ಡಾಲರ್ ಮುಂಗಡ ಕೊಟ್ಟೆ. ಬಹರಿಯಾದ ಬಾವಿತಿ ಊರು ದಾಟಿದ ಮೇಲಿನ ತಪಾಸಣಾ ಠಾಣೆಯಲ್ಲಿ ಗೊತ್ತಾಯಿತು, ಅನುಮತಿಯ ಅರ್ಜಿಯನ್ನೇ ಯಾರೂ ಹಾಕಿರಲಿಲ್ಲ. ಅಧಿಕಾರಿ ಬಹಳ ಸೌಜನ್ಯದಿಂದ ಚಹಾ ಕುಡಿಸಿ ವಾಪಸ್ ಕಳುಹಿಸಿದರು. ಮುಂಗಡ ಇಂದಿಗೂ ಬಂದಿಲ್ಲ.

ಎರಡನೆಯ ಸೋಲಿಗೆ ನಾನೇ ಹೊಣೆ. 2023ರ ಆಗಸ್ಟಿನಲ್ಲಿ ಅಗ್ಗದ ವಿಮಾನ ಟಿಕೆಟ್ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಹೊರಟೆ. ಸಿವಾಕ್ಕೆ ಹೆಬ್ಬಾಗಿಲಾದ ಮೆಡಿಟರೇನಿಯನ್ ತೀರದ ಮರ್ಸಾ ಮತ್ರೂಹ್ ಊರಿಗೆ ಬೇಸಿಗೆಯಲ್ಲಿ ಕೈರೋದ ಅರ್ಧ ಜನ ಸಮುದ್ರಸ್ನಾನಕ್ಕೆ ಇಳಿಯುತ್ತಾರೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ನಾಲ್ಕು ಪಟ್ಟು ಬಾಡಿಗೆ ಕೊಟ್ಟು ಗಾಳಿಯಿಲ್ಲದ ಕೋಣೆಯಲ್ಲಿ ಎರಡು ರಾತ್ರಿ ಬೆವರಿ, ತಿಂದದ್ದು ಹೊಟ್ಟೆಗೆ ಒಗ್ಗದೆ, ಸಿವಾದಲ್ಲಿ ನಲವತ್ತೈದು ಡಿಗ್ರಿ ಇದೆಯೆಂದು ಕೇಳಿ ಧೈರ್ಯ ಕಳೆದುಕೊಂಡು ಹಿಂತಿರುಗಿದೆ.

ಆ ಕೋಣೆಯಲ್ಲಿ ಮಲಗಿದ್ದಾಗ ಓದಿದ ಹಳೆಯ ಕಥೆಗಳೇ ನನಗೆ ದಾರಿ ತೋರಿದವು. ಸಿವಾದ ಅಮುನ್ ದೇವರ ಭವಿಷ್ಯವಾಣಿಯನ್ನು ಕೇಳಲು ಅಲೆಕ್ಸಾಂಡರ್ ಕ್ರಿ.ಪೂ. 331ರಲ್ಲಿ ಹೋದದ್ದು ಕರಾವಳಿಯುದ್ದಕ್ಕೂ ಪಶ್ಚಿಮಕ್ಕೆ ಸಾಗಿ, ಆಗ ಪರೇಟೋನಿಯಮ್ ಎನಿಸಿಕೊಂಡಿದ್ದ ಇದೇ ಮತ್ರೂಹ್‌ನಿಂದ ದಕ್ಷಿಣಕ್ಕೆ ತಿರುಗಿ. ಅದಕ್ಕೂ ಮೊದಲು ಇದೇ ದೇಗುಲದ ಜನರನ್ನು ಸದೆಬಡಿಯಲು ಪರ್ಷಿಯಾದ ದೊರೆ ಕಾಂಬೈಸಿಸ್ ಒಳನಾಡಿನ ಮರುಭೂಮಿಯ ದಾರಿಯಲ್ಲಿ ಕಳುಹಿಸಿದ ಐವತ್ತು ಸಾವಿರ ಸೈನಿಕರು ಮರಳಿನಲ್ಲಿ ಹೂತುಹೋದರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಒಳದಾರಿಯಲ್ಲಿ ನಾನು ಕಳೆದುಕೊಂಡದ್ದು ಕೇವಲ 150 ಡಾಲರ್ ಎಂದು ಸಮಾಧಾನ ಮಾಡಿಕೊಂಡು, ಮುಂದಿನ ಸಲ ಅಲೆಕ್ಸಾಂಡರನ ದಾರಿಯನ್ನೇ ಹಿಡಿಯಬೇಕು, ಆದರೆ ಚಳಿಗಾಲದ ಬಾಗಿಲಲ್ಲಿ ಹಿಡಿಯಬೇಕೆಂದು ನಿರ್ಧರಿಸಿದೆ.

ನನ್ನ ವಿಧಾನ ಇಷ್ಟೇ: ಕೈರೋದಿಂದ ರಾತ್ರಿ ಬಸ್ಸಿನಲ್ಲಿ ಒಂದೇ ಬೀಸಿಗೆ ಹತ್ತು ಹನ್ನೆರಡು ಗಂಟೆ ಕೂರುವ ಬದಲು ಹಗಲಲ್ಲಿ ಮತ್ರೂಹ್ ತಲುಪಿ, ಒಂದು ರಾತ್ರಿ ನಿದ್ದೆ ಮಾಡಿ, ಬೆಳಿಗ್ಗೆ ಮೈಕ್ರೋಬಸ್ ಹತ್ತುವುದು. ನವೆಂಬರಿನಲ್ಲಿ ಮತ್ರೂಹ್ ಖಾಲಿ. ಸಮುದ್ರ ಕಾಣುವ ಕೋಣೆ 500 ಈಜಿಪ್ಟ್ ಪೌಂಡಿಗೆ ಸಿಕ್ಕಿತು. ಸಿವಾದ ಎಟಿಎಂಗಳನ್ನು ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ ನಗದನ್ನು ಇಲ್ಲಿಯೇ ತೆಗೆದುಕೊಂಡೆ. ಮುಂದಿನ ಮುನ್ನೂರು ಕಿಲೋಮೀಟರ್ ನಾಲ್ಕು ಗಂಟೆಯ ದಾರಿ. ಒಂದು ಮರವಿಲ್ಲ, ನಡುವೆ ಒಂದು ಚಹಾದಂಗಡಿ, ಬಿಟ್ಟರೆ ಸೇನೆಯ ತಪಾಸಣೆ. ಪಾಸ್‌ಪೋರ್ಟಿನ ಹತ್ತು ನಕಲು ಪ್ರತಿಗಳನ್ನು ಒಯ್ದಿದ್ದೆ, ಆರು ಖರ್ಚಾದವು. ಠಾಣೆಯಲ್ಲಿ ನಾನಾಡಿದ ಒಂದು ಅರಬ್ಬಿ ವಾಕ್ಯದಿಂದ ಇಡೀ ಬಸ್ಸು ನಕ್ಕು ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಆ ವಾಕ್ಯ ನನ್ನಲ್ಲಿಯೇ ಇರಲಿ.

ಬೋಳು ಬಯಲು ಒಮ್ಮೆಲೆ ಇಳಿದು, ಸಮುದ್ರಮಟ್ಟಕ್ಕಿಂತ ಸುಮಾರು ಇಪ್ಪತ್ತು ಮೀಟರ್ ಕೆಳಗಿರುವ ತಗ್ಗಿನಲ್ಲಿ ಖರ್ಜೂರ ಮತ್ತು ಆಲಿವ್ ತೋಟಗಳ ಹಸಿರು ಹರಡಿಕೊಂಡಾಗ ನನ್ನ ಪಕ್ಕದಲ್ಲಿದ್ದ ಹಿರಿಯರು ಕಿಟಕಿಯ ಪರದೆ ಸರಿಸಿ "ಅಮಾನ್" ಎಂದರು. ಅದು ಅರಬ್ಬಿಯಲ್ಲ, ಸಿವಾದವರ ಮನೆಮಾತಾದ ಸಿವಿ; ಮೊರಾಕೊದವರೆಗೆ ಹರಡಿರುವ ಬರ್ಬರ್ ಭಾಷೆಗಳಲ್ಲೆಲ್ಲ ನೀರಿಗೆ ಇದೇ ಪದ. ಅಮಾಜಿಘ್ ಎಂದು ತಮ್ಮನ್ನು ಕರೆದುಕೊಳ್ಳುವ ಬರ್ಬರರ ಭಾಷಾಸೀಮೆಯ ತೀರ ಪೂರ್ವದ ಅಂಚು ಸಿವಾ. ಮನೆಯೊಳಗೆ ಸಿವಿ, ಶಾಲೆಯಲ್ಲಿ ಅರಬ್ಬಿ ಎಂದು ನನ್ನ ಆತಿಥೇಯರ ಮಗ ಹೇಳಿದಾಗ, ಮನೆಯಲ್ಲಿ ಕನ್ನಡವಾಡಿ ಹೊರಗೆ ಮೂರು ಭಾಷೆಗಳಲ್ಲಿ ಬದುಕುವ ನನ್ನ ಮಕ್ಕಳನ್ನು ನೆನೆದೆ.

ಊರ ನಡುವೆ ಶಾಲಿ ಎಂಬ 13ನೆಯ ಶತಮಾನದ ಕೋಟೆಯೂರು ಕರಗಿದ ಹುತ್ತದಂತೆ ನಿಂತಿದೆ. ಉಪ್ಪುಕೆರೆಗಳ ದಂಡೆಯಿಂದ ಕಡಿದು ತಂದ ಉಪ್ಪಿನ ಗಟ್ಟಿಗಳನ್ನು ಮಣ್ಣಿನೊಂದಿಗೆ ಸೇರಿಸಿ ಕಟ್ಟುವ ಈ ಬಗೆಗೆ ಕರ್ಶೀಫ್ ಎನ್ನುತ್ತಾರೆ. 1926ರಲ್ಲಿ ಮೂರು ದಿನ ಎಡೆಬಿಡದೆ ಮಳೆ ಸುರಿದು ಮನೆಗಳು ಕುಸಿದ ಮೇಲೆ ಜನ ಕೋಟೆಯನ್ನು ಬಿಟ್ಟು ಕೆಳಗಿಳಿದರು. ಮೂರು ದಿನದ ಮಳೆಗೆ ಊರು ಬೀಳುವುದೆಂದರೇನೆಂದು ನನಗೆ ಅನುಮಾನವಿತ್ತು. ಹೊಸ ಮನೆ ಕಟ್ಟುತ್ತಿದ್ದ ಮೇಸ್ತ್ರಿಯಿಂದ ಬೆಲ್ಲದಚ್ಚಿನ ಗಾತ್ರದ ಒಂದು ಕರ್ಶೀಫ್ ತುಂಡನ್ನು ಕೇಳಿ ಪಡೆದು, ಕಲ್ಲಿನಷ್ಟೇ ಗಟ್ಟಿಯಾಗಿದ್ದ ಅದನ್ನು ರಾತ್ರಿ ಒಂದು ಲೋಟ ನೀರಿನಲ್ಲಿ ಮುಳುಗಿಸಿಟ್ಟೆ. ಬೆಳಗಾಗುವ ಹೊತ್ತಿಗೆ ತಳದಲ್ಲಿ ಎರಡು ಬೆರಳು ಕೆಸರು, ಮೇಲೆ ಬಾಯಿಗಿಡಲಾಗದ ಉಪ್ಪುನೀರು, ಅಂಚಿನಲ್ಲಿ ಅಡಿಕೆಹೋಳಿನಷ್ಟು ಕರಗದೆ ಉಳಿದ ಒಂದು ಹರಳು. ಲೋಟ ತೊಳೆಯಲು ಬಂದ ಹುಡುಗ ನನ್ನನ್ನು ಹುಚ್ಚನೆಂದುಕೊಂಡಿರಬೇಕು.

ಊಟದ ವಿಚಾರದಲ್ಲಿ ಸಸ್ಯಾಹಾರಿಗಳು ಗಮನಿಸಬೇಕಾದದ್ದು, "ಮಾಂಸ ಬೇಡ" ಎಂದರೆ ಕೋಳಿ ಬರುತ್ತದೆ. ಕೋಳಿಯೂ ಬೇಡವೆಂದರೆ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿದ ಬೇಳೆಯ ಸೂಪು ಬರುತ್ತದೆ. ಎರಡು ದಿನ ಹೀಗೆ ಮೋಸಹೋಗಿ, ಕಡೆಗೆ ಫೂಲ್ ಎಂಬ ಬೇಯಿಸಿದ ಅವರೆಯಂಥ ಕಾಳು, ತಾಮೇಯಾ ಎಂಬ ಅದೇ ಕಾಳಿನ ವಡೆ, ಒಲೆಯಿಂದ ಆಗತಾನೆ ತೆಗೆದ ರೊಟ್ಟಿ, ಖರ್ಜೂರಗಳಿಗೆ ಅಂಟಿಕೊಂಡೆ. ಧಾರವಾಡದಿಂದ ತಾಯಿ ಕಳುಹಿಸಿದ್ದ ಶೇಂಗಾ ಚಟ್ನಿಪುಡಿಗೆ ಅಲ್ಲಿಯ ಹೊಸ ಆಲಿವ್ ಎಣ್ಣೆ ಕಲಸಿ ಆ ರೊಟ್ಟಿಗೆ ಹಚ್ಚಿದಾಗ ಆತಿಥೇಯರ ಮನೆಮಂದಿಯೆಲ್ಲ ಕೈಚಾಚಿದರು. ಅದೇ ಹುಮ್ಮಸ್ಸಿನಲ್ಲಿ ಆಲಿವ್ ಎಣ್ಣೆಯಲ್ಲಿ ಸಾಸಿವೆ, ಇಂಗು ಹಾಕಿ ಒಗ್ಗರಣೆ ಕೊಡಲು ಹೋದದ್ದು ಮಾತ್ರ ಪೂರ್ತಿ ಸೋತಿತು. ಸಾಸಿವೆ ಸಿಡಿಯುವಷ್ಟರಲ್ಲಿ ಎಣ್ಣೆ ಕಹಿಯಾಗಿ, ಹೊಗೆ ಅಂಗಳಕ್ಕೆಲ್ಲ ಹಬ್ಬಿತು.

ದಿನಕ್ಕೆ ನೂರು ಪೌಂಡಿನ ಬಾಡಿಗೆ ಸೈಕಲ್ಲೇ ನನ್ನ ವಾಹನ. ಅಲೆಕ್ಸಾಂಡರ್ ಬಂದಿದ್ದ ಅಘೂರ್ಮಿಯ ದೇಗುಲ, ಸಮಾಧಿಗಳಿಂದ ಜೇನುಗೂಡಿನಂತಾದ ಗೆಬೆಲ್ ಅಲ್-ಮೌತಾ ಗುಡ್ಡ, ಸೂರ್ಯಾಸ್ತಕ್ಕೆ ಕೆರೆಯ ಫತ್ನಾಸ್ ದ್ವೀಪ, ಎಲ್ಲವೂ ಸೈಕಲ್ಲಿಗೆ ದಕ್ಕುತ್ತವೆ. ಆದರೆ ಈಚಲಿನಂತೆಯೇ ಖರ್ಜೂರದ ಗರಿಯ ಬುಡದಲ್ಲೂ ಸೂಜಿಯಂಥ ಮುಳ್ಳುಗಳಿದ್ದು, ಐದು ದಿನಗಳಲ್ಲಿ ನಾಲ್ಕು ಪಂಕ್ಚರ್ ಆದವು. ಹೊರಗೆ ಕಾಣಸಿಗುವ ವಿವಾಹಿತ ಸ್ತ್ರೀಯರು ಬೂದುನೀಲಿಯ ಕಸೂತಿ ಹೊದಿಕೆಯಲ್ಲಿ ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡು ಗಾಡಿಯಲ್ಲಿ ಸಾಗುತ್ತಾರೆ. ಅವರತ್ತ ಕ್ಯಾಮೆರಾ ತಿರುಗಿಸಬಾರದು. ಆ ಸಭ್ಯತೆ ಪಾಲಿಸಿದವರಿಗೆ ತೋಟದ ಬೇಲಿ ತಾನಾಗಿ ತೆರೆಯುತ್ತದೆ. ಕ್ಲಿಯೋಪಾತ್ರಾಳ ಹೆಸರಿನ ಬುಗ್ಗೆಯಲ್ಲಿ ಪ್ರವಾಸಿಗರ ಗದ್ದಲವಿದ್ದರೆ, ನಾನು ದಿನವೂ ಮೀಯುತ್ತಿದ್ದ ಬುಗ್ಗೆಯಲ್ಲಿ ಕಪ್ಪೆ ಬಿಟ್ಟರೆ ನಾನೇ. ಅದರ ಹೆಸರನ್ನು ಬರೆಯುವುದಿಲ್ಲ.

ಉಪ್ಪು ತೆಗೆದ ಗುಂಡಿಗಳಲ್ಲಿ ನಿಂತ ನೀಲಿ ನೀರಿನಲ್ಲಿ ತೇಲುವುದು ಈಗ ಎಲ್ಲರಿಗೂ ಗೊತ್ತಿರುವ ವಿಷಯ. ನಾನು ಅಂದು ಬೆಳಿಗ್ಗೆ ಗಡ್ಡ ಹೆರೆದುಕೊಂಡು ಹೋಗಿದ್ದೆ. ಮುಖಕ್ಕೆ ನೀರು ತಾಗಿದ ಕ್ಷಣ ಮೆಣಸಿನಪುಡಿ ಎರಚಿದಂತಾಗಿ, ಏಳಲು ಹೋಗಿ ಅಂಚಿನ ಉಪ್ಪುಹರಳಿಗೆ ಅಂಗಾಲು ಕೊಯ್ದುಕೊಂಡೆ. ಕಾಲಿಗೆ ರಬ್ಬರ್ ಚಪ್ಪಲಿ, ಕೈಯಲ್ಲಿ ಐದು ಲೀಟರ್ ಸಿಹಿನೀರು ಇಲ್ಲದೆ ಇಳಿಯಬೇಡಿ. ಹೊರಹರಿವಿಲ್ಲದ ಈ ತಗ್ಗಿನಲ್ಲಿ ಕೊಳವೆಬಾವಿಗಳು ಹೆಚ್ಚಿದಂತೆ ತೋಟದ ಬಸಿನೀರೆಲ್ಲ ಕೆರೆಗಳಿಗೆ ಸೇರಿ, ಕೆರೆಯಂಚಿನ ಭೂಮಿ ಉಪ್ಪಾಗಿ, ತುದಿ ಒಣಗಿದ ಖರ್ಜೂರದ ಮರಗಳು ನೀರಿನಲ್ಲೇ ಸತ್ತು ನಿಂತಿರುವುದನ್ನು ಸೈಕಲ್ ನಿಲ್ಲಿಸಿ ನೋಡಿದೆ. ಅತಿ ನೀರಾವರಿಯಿಂದ ಸವುಳಾದ ತುಂಗಭದ್ರಾ ಅಚ್ಚುಕಟ್ಟಿನ ಹೊಲಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸಿವಾದ ಆಚೆಗೆ ಹರಡಿರುವ ಮರಳುದಿಬ್ಬಗಳ ಮರಳಸಾಗರವನ್ನು ನೋಡಲು ಮೊದಲೇ ಹಣ ಕಟ್ಟಬೇಡಿ. ಊರಿನಲ್ಲಿ ಎರಡು ದಿನ ಕಳೆದು, ಚಹಾದಂಗಡಿಯಲ್ಲಿ ಜೊತೆಗಾರರನ್ನು ಹುಡುಕಿ, ನಾಲ್ವರು ಸೇರಿ ಸುಮಾರು 3,500 ಪೌಂಡಿಗೆ ಒಂದು ಜೀಪು ಗೊತ್ತುಮಾಡಿದೆವು. ಅನುಮತಿಯನ್ನು ಹಿಂದಿನ ಸಂಜೆಯೇ ಚಾಲಕರು ಮಾಡಿಸಿಟ್ಟಿದ್ದರು, ಮತ್ತು ಈ ಸಲ ಆ ಕಾಗದವನ್ನು ಕಣ್ಣಾರೆ ನೋಡಿದ ಮೇಲೆಯೇ ನಾನು ಹಣ ಕೊಟ್ಟೆ. ಊರಂಚಿನಲ್ಲಿ ಚಕ್ರಗಳ ಗಾಳಿ ಅರ್ಧಕ್ಕಿಳಿಸಿ ದಿಬ್ಬ ಹತ್ತಿಸಿದರು. ಬೀರ್ ವಾಹೆದ್ ಎಂಬಲ್ಲಿ ಮರಳಿನ ನಡುವೆ ಬಿಸಿನೀರಿನ ಬುಗ್ಗೆಯಿದೆ. ದಾರಿಯಲ್ಲೊಂದೆಡೆ ನೆಲದ ತುಂಬ ಕಲ್ಲಾದ ಕಪ್ಪೆಚಿಪ್ಪುಗಳು, ಇದು ಒಮ್ಮೆ ಸಮುದ್ರವಾಗಿದ್ದುದರ ಗುರುತು.

ಲೆಕ್ಕಿಗನಾದ್ದರಿಂದ ಖರ್ಚು ಹೇಳದೆ ಬಿಡಲಾರೆ, ಚೀಟಿಗಳು ಕಳೆದುಹೋಗಿರುವುದರಿಂದ ನೆನಪಿನ ಮೇಲೆ ಹೇಳುತ್ತೇನೆ. ಬಸ್ಸು ಮತ್ತು ಮೈಕ್ರೋಬಸ್ ಹೋಗಿಬರಲು ಸಾವಿರ ಪೌಂಡ್, ಮತ್ರೂಹ್‌ನ ಎರಡು ರಾತ್ರಿಗೆ ಸಾವಿರ, ಸಿವಾದ ಆರು ರಾತ್ರಿಗೆ 3,600, ಊಟಕ್ಕೆ 1,800, ಸೈಕಲ್ ಮತ್ತು ಪಂಕ್ಚರ್ 600, ಜೀಪಿನ ಪಾಲು 900, ಖರ್ಜೂರ ಮತ್ತು ಎಣ್ಣೆಗೆ ಸಾವಿರದ ಆಸುಪಾಸು. ಒಟ್ಟು ಸುಮಾರು ಹತ್ತು ಸಾವಿರ ಪೌಂಡ್, ಆಗಿನ ದರದಲ್ಲಿ ಹದಿನೇಳು ಸಾವಿರ ರೂಪಾಯಿ. ಏಜೆಂಟರು ಮೂರು ದಿನಕ್ಕೆ ಕೇಳಿದ್ದ 600 ಡಾಲರ್ ಅದೇ ಹೊತ್ತಿನ ದರದಲ್ಲಿ ಐವತ್ತು ಸಾವಿರ.

ಎಣ್ಣೆಯ ಎರಡು ಬಾಟಲಿಗಳಲ್ಲಿ ಒಂದು ದುಬೈ ತಲುಪುವಷ್ಟರಲ್ಲಿ ಪೆಟ್ಟಿಗೆಯೊಳಗೆ ಸೋರಿ ಅಂಗಿಗಳೆಲ್ಲ ನೆಂದಿದ್ದವು. ಉಳಿದದ್ದನ್ನು ಮಂಗಳೂರಿನ ಗೆಳೆಯರಿಗೆ ಕೊಟ್ಟೆ. ಎರಡು ವಾರದ ನಂತರ ಅವರು ಫೋನು ಮಾಡಿ, ಮತ್ರೂಹ್‌ನಲ್ಲಿ ಮೈಕ್ರೋಬಸ್ ಎಷ್ಟು ಗಂಟೆಗೆ ಹೊರಡುತ್ತದೆಂದು ಕೇಳಿದರು.