ಹರೆಯದ ಮಕ್ಕಳ ಹಸಿವು: ಗುರುತಿಸುವುದು ಹೇಗೆ, ತಿಂಗಳ ಕೊನೆಯವರೆಗೂ ಉಣಿಸುವುದು ಹೇಗೆ?

ಮನೆಯಲ್ಲಿ ದಿನಸಿ ತಳ ಕಂಡಾಗ ಮೊದಲು ತಾಯಿ ತನ್ನ ಪಾಲು ಕಡಿಮೆ ಮಾಡಿಕೊಳ್ಳುತ್ತಾಳೆ. ಅವಳ ಹಿಂದೆಯೇ ಹದಿನಾಲ್ಕು, ಹದಿನೈದರ ಮಕ್ಕಳು. ತಮ್ಮನಿಗೋ ತಂಗಿಗೋ ಇರಲಿ ಎಂದು ‘ಹೊರಗೇ ತಿಂದು ಬಂದೆ’ ಅಂದುಬಿಡುತ್ತಾರೆ. ಚಿಕ್ಕ ಮಕ್ಕಳಾದರೆ ಅತ್ತು ಕೇಳುತ್ತವೆ, ಹರೆಯದವರು ಮುಚ್ಚಿಡುತ್ತಾರೆ. ಮೈ ವೇಗವಾಗಿ ಬೆಳೆಯುವ ವಯಸ್ಸೂ ಇದೇ ಆದ್ದರಿಂದ ಹಾಗೆ ಬಿಟ್ಟ ಊಟದ ನಷ್ಟ ದೊಡ್ಡದು.

ಮೊದಲ ಹೆಜ್ಜೆ: ಸರಿಯಾಗಿ ಕೇಳಿ

‘ಹಸಿವಾಗಿದೆಯಾ?’ ಎಂದರೆ ‘ಇಲ್ಲ’ ಎಂದೇ ಉತ್ತರ ಬರುತ್ತದೆ. ಮನೆಯ ಪರಿಸ್ಥಿತಿ ತಿಳಿಯಲು ಅಮೆರಿಕದಲ್ಲಿ ವೈದ್ಯರು ಹೆತ್ತವರಿಗೆ ಕೇಳುವ ಎರಡು ಪ್ರಶ್ನೆಗಳಿವೆ. ಕಳೆದ 12 ತಿಂಗಳಲ್ಲಿ, ಮತ್ತೆ ಕೊಳ್ಳಲು ದುಡ್ಡು ಬರುವ ಮೊದಲೇ ಆಹಾರ ಮುಗಿದುಹೋದೀತೆಂಬ ಚಿಂತೆ ಇತ್ತೇ? ತಂದದ್ದು ಸಾಲದೆ, ಮತ್ತೆ ತರಲು ದುಡ್ಡೂ ಇಲ್ಲದೆ ಹೋದದ್ದಿತ್ತೇ? ಎರಡರಲ್ಲಿ ಒಂದಕ್ಕೆ ‘ಕೆಲವೊಮ್ಮೆ’ ಎಂಬ ಉತ್ತರ ಬಂದರೂ ಆ ಮನೆಗೆ ನೆರವು ಬೇಕು. ಶಿಕ್ಷಕರು ಮಕ್ಕಳನ್ನು ಮಾತನಾಡಿಸುವುದಾದರೆ ಒಬ್ಬೊಬ್ಬರನ್ನೇ ಕರೆದು ಮಾತನಾಡಿಸಬೇಕು. ತರಗತಿಯಲ್ಲಿ ಕೈ ಎತ್ತಿಸಿದರೆ ಆ ಮಗು ಮತ್ತೆಂದೂ ಬಾಯಿ ಬಿಡುವುದಿಲ್ಲ.

ಮೈಕಟ್ಟು ನೋಡಿ ಅಳೆಯಬೇಡಿ. ಅಗ್ಗದ ಎಣ್ಣೆ, ಸಕ್ಕರೆ, ಮೈದಾದಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಮಗು ದಪ್ಪಗಿದ್ದೂ ಕಬ್ಬಿಣದ ಅಂಶವಿಲ್ಲದೆ ಸೊರಗಿರಬಹುದು.

ಎರಡನೆಯದು: ಕಾಳಿನ ಲೆಕ್ಕ

14ರಿಂದ 18 ವರ್ಷದವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.85 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ತೂಗುವವರಿಗೆ ಹತ್ತಿರಹತ್ತಿರ 43 ಗ್ರಾಂ. 60 ಗ್ರಾಂ ಒಣಕಾಳಿನಿಂದ 13 ಗ್ರಾಂ, 200 ಮಿ.ಲೀ.ನ ಎರಡು ಲೋಟ ಹಾಲಿನಿಂದ 13 ಗ್ರಾಂ ಸಿಗುತ್ತದೆ. ದಿನವಿಡೀ 300 ಗ್ರಾಂ ಅಕ್ಕಿಯೋ ಗೋಧಿಯೋ ಹೊಟ್ಟೆಗೆ ಬಿದ್ದರೆ ಅದರಿಂದಲೇ 20 ಗ್ರಾಂ ದಾಟುತ್ತದೆ. ಲೆಕ್ಕ ಅಲ್ಲಿಗೆ ಸರಿಹೋಯಿತು. ಹಾಲು ತಪ್ಪಿದ ದಿನ ಎರಡು ಮೊಟ್ಟೆ ಕೊಟ್ಟರೆ 12 ಗ್ರಾಂ ಬರುತ್ತದೆ. ಆದರೆ ಹಾಲಿನ ಸುಣ್ಣದ ಅಂಶವನ್ನು ಮೊಟ್ಟೆ ತುಂಬಿಕೊಡದು.

ಹೀಗೆ ಒಬ್ಬರಿಗೆ ತಿಂಗಳಿಗೆ 1.8 ಕಿಲೋ ಕಾಳು ಬೇಕಾಗುತ್ತದೆ. ದಿನಸಿ ತಂದ ದಿನವೇ ಅದರಿಂದ ಅರ್ಧ ಕಿಲೋ ತೆಗೆದು ಬೇರೆ ಡಬ್ಬಿಗೆ ಹಾಕಿ, ‘ಕೊನೆಯ ವಾರ’ ಎಂದು ಚೀಟಿ ಅಂಟಿಸಿ. ಈ ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡಲು ಸಾಧ್ಯವಿದ್ದರೆ ಇದನ್ನು ಮಾಡಿ. ದುಡ್ಡು ಕೈಗೆ ಬಂದ ವಾರ ಧಾರಾಳವಾಗಿ ಉಂಡು ಕೊನೆಯ ವಾರ ಬರಿಗೈಯಾಗುವುದೇ ಹೆಚ್ಚಿನ ಕಡೆ ಆಗುವ ಎಡವಟ್ಟು.

ಅಂಗಡಿಯಲ್ಲಿ ಪೊಟ್ಟಣದ ಬೆಲೆಗಿಂತ 100 ಗ್ರಾಂಗೆ ಎಷ್ಟು ಬೀಳುತ್ತದೆಂದು ನೋಡಿ. ಒಣಕಾಳಿನ 100 ಗ್ರಾಂನಲ್ಲಿ 20ರಿಂದ 25 ಗ್ರಾಂ ಪ್ರೋಟೀನ್ ಇದ್ದರೆ, ಬಿಸ್ಕತ್ತಿನಲ್ಲಿ 6–7 ಗ್ರಾಂ.

ಮೂರನೆಯದು: ಬೇಯಿಸುವಾಗ ಎಚ್ಚರ

ಕಾಳನ್ನು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಬೆರಳಲ್ಲಿ ಒತ್ತಿದರೆ ಸಿಪ್ಪೆಯ ಸಮೇತ ಹಿಟ್ಟಾಗಬೇಕು, ನಡುವೆ ಬಿಳಿ ಗಟ್ಟಿ ಚುಕ್ಕೆ ಉಳಿಯಬಾರದು. ಟೊಮೆಟೊ ಅಥವಾ ಬೇರೆ ಹುಳಿ ಮೊದಲೇ ಹಾಕಿದರೆ ಕಾಳು ಎಷ್ಟು ಹೊತ್ತಾದರೂ ಮೆತ್ತಗಾಗದೆ ಉರುವಲು ದಂಡವಾಗುತ್ತದೆ, ಹುಳಿ ಕೊನೆಗಿರಲಿ. ಕೆಂಪು ರಾಜ್ಮಾದಲ್ಲಂತೂ ವಿಷಕಾರಿ ಅಂಶವಿರುತ್ತದೆ. ಕನಿಷ್ಠ 5 ಗಂಟೆ ನೆನೆಸಿ, ಕೊತಕೊತ ಕುದಿಯುವ ನೀರಿನಲ್ಲಿ 30 ನಿಮಿಷ ಬೇಯಿಸಬೇಕು. ಸಣ್ಣ ಉರಿಯಲ್ಲಿ ಕುದಿಯದಂತೆ ಅರೆಬರೆ ಬೆಂದರೆ ಅದು ಹಸಿಕಾಳಿಗಿಂತಲೂ ಅಪಾಯ, ಕೆಲವೇ ಗಂಟೆಯಲ್ಲಿ ವಾಂತಿ ಶುರುವಾಗುತ್ತದೆ.

ಕಬ್ಬಿಣದ ಅಂಶದ ವಿಚಾರಕ್ಕೆ ಬಂದರೆ, ಅಮೆರಿಕದ ಶಿಫಾರಸಿನ ಪ್ರಕಾರ ಈ ವಯಸ್ಸಿನ ಹುಡುಗಿಯರಿಗೆ ದಿನಕ್ಕೆ 15 ಮಿ.ಗ್ರಾಂ, ಹುಡುಗರಿಗೆ 11 ಮಿ.ಗ್ರಾಂ ಬೇಕು. ಮುಟ್ಟಿನಲ್ಲಿ ಹೋಗುವ ರಕ್ತ ಈ ವ್ಯತ್ಯಾಸಕ್ಕೆ ಕಾರಣ. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಕಷ್ಟ. ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಅದರ ಸಿ ಜೀವಸತ್ವ ಈ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಕುದಿಯುವಾಗಲೇ ಹಿಂಡಿದರೆ ಜೀವಸತ್ವದ ಒಂದಷ್ಟು ಪಾಲು ಬಿಸಿಗೆ ಹಾಳಾಗುತ್ತದೆ. ಊಟದ ಜೊತೆ ಚಹಾ, ಕಾಫಿ ಕುಡಿದರೆ ಮೈಗೆ ಹತ್ತುವ ಕಬ್ಬಿಣ ಬಹಳ ಕಡಿಮೆಯಾಗುತ್ತದೆ. ಒಂದು ಗಂಟೆಯಾದರೂ ಬಿಟ್ಟು ಕುಡಿಯಲಿ.

ನಾಲ್ಕನೆಯದು: ಕೇಳದೆ ಎತ್ತಿಕೊಳ್ಳುವಂತೆ ಇಡಿ

ಬೇಯಿಸಿದ ಕಾಳು, ಹುರಿದ ಶೇಂಗಾ, ಹಣ್ಣು ಕೈಗೆ ಸಿಗುವಂತಿರಲಿ. ಪ್ರತಿಯೊಬ್ಬರ ಹೆಸರಿನಲ್ಲಿ ಬೇರೆ ಬಟ್ಟಲು ಇಟ್ಟರೆ ‘ಇದು ತಮ್ಮನದ್ದು’ ಎಂಬ ಸಂಕೋಚ ಉಳಿಯುವುದಿಲ್ಲ. ಶಾಲೆಯಲ್ಲಿ ಕೊಡುವುದಾದರೆ ಎಲ್ಲರಿಗೂ ಕೊಡಿ. ಬಡವರಿಗೆಂದು ಬೇರೆ ಸಾಲು ಮಾಡಿದರೆ ಹಸಿದವರೇ ಆ ಸಾಲಿನಲ್ಲಿ ನಿಲ್ಲುವುದಿಲ್ಲ.

ಉಳಿದ ಅನ್ನ ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು. ಅದರಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಅಗಲ ತಟ್ಟೆಯಲ್ಲಿ ಹರವಿ ಬೇಗ ಆರಿಸಿ ಫ್ರಿಜ್‌ನಲ್ಲಿಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಒಂದು ಹೊತ್ತಿಗೆ ಆಗುವಷ್ಟೇ ಮಾಡಿ.

ಐದು ದಿನಕ್ಕಿಂತ ಹೆಚ್ಚು ಕಾಲ ಹೆಚ್ಚುಕಡಿಮೆ ಏನೂ ತಿನ್ನದೆ ಇದ್ದ ಮಗುವಿಗೆ ಮಾತ್ರ ಕರುಣೆಯಿಂದ ಒಮ್ಮೆಲೇ ತಟ್ಟೆ ತುಂಬಾ ಬಡಿಸಬೇಡಿ. ರಕ್ತದಲ್ಲಿನ ಲವಣಾಂಶಗಳು ತಟ್ಟನೆ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ, ಎಷ್ಟೆಷ್ಟು ಉಣಿಸಬೇಕೆಂದು ವೈದ್ಯರು ಹೇಳಲಿ.