"ನಾಳೆ ಬರುತ್ತೆ", "ನೋಡೋಣ", "ಬಂದೇ ಬಿಟ್ಟೆ": ಈ ಮಾತುಗಳ ಚಟ ಬಿಡೋದು ಹೇಗೆ, ಬೇರೆಯೋರು ಹೇಳಿದ್ರೆ ಏನ್ ಮಾಡೋದು

ಮೊದ್ಲೇ ಒಪ್ಕೊಂಡ್ಬಿಡ್ತೀನಿ, ಈ ಪಾಪದಲ್ಲಿ ನಂಗೂ ಪಾಲಿದೆ. ಚಿಕ್ಕಮಗಳೂರಲ್ಲಿ ತೋಟದ ಮೆಷಿನ್ ಮಾರೋ ಅಂಗಡೀಲಿ ಸ್ಪೇರ್ ಪಾರ್ಟ್ಸ್ ಕೌಂಟರಲ್ಲಿ ಕೂರೋಳು ನಾನು. ಕಳೆ ಹೊಡಿಯೋ ಮೆಷಿನ್ನು, ಸ್ಪ್ರೇಯರ್ರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ರು, ಮೋಟ್ರು, ಯಾವುದರ ಪಾರ್ಟ್ ಕೇಳಿದ್ರೂ ಸ್ಟಾಕಲ್ಲಿ ಇಲ್ಲಾಂದ್ರೆ ನನ್ನ ಬಾಯಿಂದ ಬರೋದು ಒಂದೇ, "ನಾಳೆ ಬರುತ್ತೆ ಸಾರ್". ಅದು ಸುಳ್ಳು ಅಂತ ನಂಗೆ ಯಾವತ್ತೂ ಅನ್ಸಿರ್ಲಿಲ್ಲ, ನಮಸ್ಕಾರ ಅಂದಂಗೆ ಅದೂ ಒಂದು ಅಂದ್ಕೊಂಡಿದ್ದೆ.

ಲೆಕ್ಕ ಇಟ್ಟಿದ್ದು ಬೇರೆಯೋರು. ಒಂದ್ ಡಿಸೆಂಬರಲ್ಲಿ ಮೂಡಿಗೆರೆ ಕಡೆಯ ಗೌಡ್ರೊಬ್ರು ಪಲ್ಪರ್ ಡಿಸ್ಕ್ ಕೇಳ್ಕೊಂಡ್ ಬಂದ್ರು, ವಯಸ್ಸಾದೋರು, ಅರೇಬಿಕಾ ಕಾಫಿ ಕುಯ್ಲು ಜೋರಾಗಿ ನಡೀತಿದ್ದ ಟೈಮು. ನಾಳೆ ಬರುತ್ತೆ ಗೌಡ್ರೆ ಅಂದೆ. ಮಾರನೇ ದಿನ ಬಂದ್ರು, ಮತ್ತೆ ಅದೇ ಅಂದೆ. ಐದನೇ ಸಲ ಬಂದಾಗ ಅವ್ರು ಕೂಗಾಡ್ಲಿಲ್ಲ, ಶರ್ಟ್ ಜೇಬಿಂದ ನಮ್ ಅಂಗಡೀದೇ ಒಂದ್ ಹಳೇ ಬಿಲ್ ತೆಗ್ದು ಹಿಂದುಗಡೆ ತಿರುಗ್ಸಿ ಕೌಂಟರ್ ಮೇಲೆ ಇಟ್ರು. ಬಾಲ್ ಪೆನ್ನಲ್ಲಿ ಬರ್ಕೊಂಡಿದ್ರು: 9, ನಾಳೆ. 10, ನಾಳೆ. 12, ಹೊರಟಿದೆ. 14, ಹೇಳಿದೀನಿ. "ಇದ್ರಲ್ಲಿ ನಾನ್ ಯಾವ್ದನ್ನ ನಂಬ್ಲಿ ಹೇಳಮ್ಮ" ಅಂದ್ರು, ಅಷ್ಟೇ.

ತೋಟ ಇಲ್ದೋರಿಗೆ ಇದ್ರ ಬಿಸಿ ಗೊತ್ತಾಗಲ್ಲ. ಅರೇಬಿಕಾ ಹಣ್ಣು ಕುಯ್ದ ದಿನಾನೇ ಪಲ್ಪರ್‌ಗೆ ಹಾಕ್ಬೇಕು, ರಾತ್ರಿಯೆಲ್ಲಾ ಚೀಲದಲ್ಲಿ ಬಿಟ್ರೆ ಒಳಗೇ ಬಿಸಿಯಾಗಿ ಹುಳಿ ಬಂದ್ಬಿಡುತ್ತೆ. ಸಿಪ್ಪೆ ಬಿಡಿಸಿ ತೊಳೆದು ಒಣಗ್ಸಿದ್ರೆ ಪಾರ್ಚ್‌ಮೆಂಟು, ಹಣ್ಣನ್ನ ಹಾಗೇ ಕಣದಲ್ಲಿ ಹರವಿದ್ರೆ ಚೆರಿ, 50 ಕೆಜಿ ಮೂಟೆಗೆ ಎರಡರ ರೇಟೂ ಬೇರೆ ಬೇರೆ, ಪಾರ್ಚ್‌ಮೆಂಟಿಗೇ ಜಾಸ್ತಿ. ನಾನು 9ನೇ ತಾರೀಕೇ "ವಾರ ಆಗುತ್ತೆ" ಅಂದಿದ್ರೆ ಅವ್ರು ಪಕ್ಕದ ತೋಟದೋರ ಪಲ್ಪರ್ ಕೇಳ್ತಿದ್ರು, ಇಲ್ಲಾ ಹಾಸನದಲ್ಲೋ ಸಕಲೇಶಪುರದಲ್ಲೋ ಹುಡುಕ್ತಿದ್ರು. ನಾಳೆ ಅಂದಿದ್ದಕ್ಕೆ ದಿನಾ ಸಂಜೆ ಕಾದು ದಿನಾ ಬೆಳಿಗ್ಗೆ ಹಣ್ಣು ಕಣಕ್ಕೆ ಸುರಿದ್ರು.

ಅವತ್ತಿಂದ ನಾನ್ ಕಲ್ತಿದ್ದನ್ನ ಬರೀತಿದೀನಿ. ಮಾತು ಹಳೇದಾಗಿದ್ದಕ್ಕೆ ಯಾರಿಗೂ ಸಿಟ್ಟು ಬರಲ್ಲ ಕಣ್ರೀ, ಅದೊಳಗೆ ದಿನ ಇರಲ್ಲ, ಯಾರು ಮಾಡ್ತಾರೆ ಅಂತ ಇರಲ್ಲ, ಎಷ್ಟು ಅಂತಾನೂ ಇರಲ್ಲ, ಖಾಲಿ ಡಬ್ಬ, ಆದ್ರೆ ಕೇಳಿದೋರು ತುಂಬಿದೆ ಅಂದ್ಕೊಂಡು ಮನೆಗೆ ಹೊತ್ಕೊಂಡ್ ಹೋಗ್ತಾರೆ, ಸಿಟ್ಟು ಬರೋದು ಮನೇಲಿ ಮುಚ್ಚಳ ತೆಗೆದಾಗ.

ಶುರು ಮಾಡ್ಬೇಕಾದ್ದು ನಿಮ್ಮಿಂದಾನೇ. ಒಂದ್ ಹಾಳೆ ಪಕ್ಕದಲ್ಲಿಟ್ಕೊಂಡು ಒಂದೇ ದಿನ, ನಿಮ್ ಬಾಯಿಂದ ಇಂಥ ಮಾತು ಬಂದಾಗೆಲ್ಲಾ ಒಂದು ಗೀಟು ಹಾಕಿ. ನಾನ್ ಹಾಕಿದ ದಿನ ಮಧ್ಯಾಹ್ನ ಊಟಕ್ಕೆ ಏಳೋಷ್ಟರಲ್ಲಿ 17 ಗೀಟು ಆಗಿತ್ತು, ನಾಚ್ಕೆಯಾಗಿ ಹಾಳೆ ಮಡಚಿಟ್ಟೆ. ತಮಾಷೆ ಅಂದ್ರೆ ಜಾಸ್ತಿ ಇದ್ದಿದ್ದು "ನಾಳೆ" ಅಲ್ಲ, "ನೋಡೋಣ". ಯಾರಾದ್ರೂ ಡಿಸ್ಕೌಂಟ್ ಕೇಳಿದ್ರೆ ನೋಡೋಣ, ಹುಡುಗ ರಜೆ ಕೇಳಿದ್ರೆ ನೋಡೋಣ, ಮನೆಯಿಂದ ಫೋನ್ ಮಾಡಿ ಸಂಜೆ ತರಕಾರಿ ತರ್ತೀಯಾ ಅಂದ್ರೂ ನೋಡೋಣ.

ಆಮೇಲೆ ಆ ಗೀಟುಗಳಲ್ಲಿ ಒಂದೊಂದನ್ನೇ ತಗೊಂಡು ಅದ್ರ ಜಾಗಕ್ಕೆ ನಿಜವಾದ ವಾಕ್ಯ ಹುಡುಕ್ಬೇಕು. "ನಾಳೆ ಬರುತ್ತೆ" ಬದ್ಲು ನಾನೀಗ ಹೇಳೋದು, "ಬೆಂಗಳೂರಿಂದ ಇನ್ನೂ ಹೊರಟಿಲ್ಲ, ಶುಕ್ರವಾರಕ್ಕೆ ಮುಂಚೆ ಆಗಲ್ಲ, ಅರ್ಜೆಂಟ್ ಇದ್ರೆ ಬೇರೆ ಕಡೆ ನೋಡ್ಕೊಳ್ಳಿ". ಗಿರಾಕೀನ ನೀನೇ ಓಡಿಸ್ತೀಯಲ್ಲಮ್ಮ ಅಂತ ಓನರ್ ಮುಖ ಊದಿಸ್ಕೊಂಡ್ರು. ಒಬ್ರೋ ಇಬ್ರೋ ಹೋದ್ರು ನಿಜ, ಉಳಿದೋರು ಶುಕ್ರವಾರಾನೇ ಬರೋಕೆ ಶುರು ಮಾಡಿದ್ರು, ದಿನಾ ಬಂದು ನನ್ ತಲೆ ತಿನ್ನೋದ್ ನಿಂತ್ಹೋಯ್ತು, ಅದು ಕಮ್ಮಿ ಲಾಭ ಅಲ್ಲ.

"ನೋಡೋಣ" ಮಾತ್ರ ಸುಲಭಕ್ಕೆ ಬಿಡಲ್ಲ. ಯಾಕಂದ್ರೆ ನಮ್ಮಲ್ಲಿ ಅದು ಮರ್ಯಾದೆಯಿಂದ "ಇಲ್ಲ" ಅನ್ನೋ ದಾರಿ, ಹೇಳಿದೋರಿಗೂ ಗೊತ್ತು ಕೇಳಿದೋರಿಗೂ ಗೊತ್ತು. ಮನೆಗೆ ಕರೆದೋರಿಗೆ "ನೋಡೋಣ, ಬಿಡುವಾದ್ರೆ ಬರ್ತೀವಿ" ಅಂದ್ರೆ ಅವ್ರು ಅಕ್ಕಿ ಹೆಚ್ಚಿಗೆ ಹಾಕಲ್ಲ, ಅಲ್ಲಿಗೆ ಸರಿಹೋಯ್ತು. ತೊಂದ್ರೆ ಕೆಲಸದ ಜಾಗದಲ್ಲಿ, ರಜೆ ಕೇಳಿದ ಹುಡುಗಂಗೆ ಊರಲ್ಲಿ ಹಬ್ಬ ಇರುತ್ತೆ, ಬಸ್ ಟಿಕೆಟ್ ಮಾಡಿಸ್ಬೇಕಾ ಬೇಡ್ವಾ ಅಂತ ಗೊತ್ತಾಗ್ಬೇಕು, ಅಲ್ಲಿ ನೋಡೋಣ ಅನ್ನೋದು ಹಿಂಸೆ. "ಈ ಸಲ ಆಗಲ್ಲ" ಅಂದ್ಬಿಡಿ. "ಆಗಲ್ಲ" ಒಂದೇ ಆದ್ರೆ ಮುಖಕ್ಕೆ ಹೊಡ್ದಂಗಿರುತ್ತೆ, "ಈ ಸಲ" ಸೇರ್ಸಿದ್ರೆ ಸ್ವಲ್ಪ ಮೆತ್ತಗಾಗುತ್ತೆ. ಇಲ್ಲಾಂದ್ರೆ "ಬುಧವಾರ ಸಂಜೆ ಹೇಳ್ತೀನಿ" ಅನ್ನಿ, ಬುಧವಾರ ಸಂಜೆ ಅವ್ನು ಕೇಳೋಕೆ ಮುಂಚೆ ನೀವೇ ಹೇಳಿ.

"ಬಂದೇ ಬಿಟ್ಟೆ" ಇನ್ನೊಂದ್ ಕಥೆ. ಮುಂದೆ ಆಗೋದನ್ನ ಆಗ್ಹೋಗಿದೆ ಅನ್ನೋ ಹಾಗೆ ಹೇಳೋ ಸೌಕರ್ಯ ಕನ್ನಡದಲ್ಲಿದೆ, ಒಳಗಿಂದ ಯಾರಾದ್ರೂ ಕರೆದ್ರೆ ಎದ್ದೇ ಇರಲ್ಲ, "ಬಂದೆ ಬಂದೆ" ಅಂತೀವಿ. ಅಡುಗೆಮನೆಯಿಂದ ಜಗಲಿಗೆ ಅದು ಸರಿ. ಇನ್ನೂ ದೂರದ ಕಡೂರಲ್ಲೇ ಇರೋನು "ನಿಮ್ಮೂರ ಹನುಮಂತಪ್ಪ ಸರ್ಕಲ್ ಹತ್ರ ಇದೀನಿ, ಬಂದೇ ಬಿಟ್ಟೆ" ಅಂದ್ರೆ ಹೆಂಗೆ? ಇಂಥೋರಿಗೆ ಔಷಧಿ ಸಿಂಪಲ್ಲು, ಕೋಪ ಮಾಡ್ಕೋಬೇಡಿ, "ಸರ್ಕಲಲ್ಲೇ ಇದೀಯಲ್ಲ, ಬರ್ತಾ ಅರ್ಧ ಕೆಜಿ ಕಾಫಿ ಪುಡಿ ಹಿಡ್ಕೊಂಡ್ ಬಾ" ಅನ್ನಿ, ಎಲ್ಲಿದಾನೆ ಅಂತ ತಾನಾಗೇ ಹೇಳ್ತಾನೆ.

ಈಗ ಕೇಳೋ ಕಡೆ ಬರೋಣ. ಸರ್ಕಾರಿ ಕೆಲಸಕ್ಕೆ ಹೋದ್ರೆ "ಸರ್ವರ್ ಇಲ್ಲ", "ಸಾಹೇಬ್ರು ಮೀಟಿಂಗಲ್ಲಿದಾರೆ", "ನಾಳೆ ಬನ್ನಿ". ಹಿಂದೆ ನಮ್ ಕಡೆ ದೆವ್ವ ಬಂದು ಬಾಗಿಲು ತಟ್ಟುತ್ತೆ ಅಂತ ಸುದ್ದಿ ಎದ್ದು ಮನೆಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ರು, ದೆವ್ವ ಓದ್ಕೊಂಡು ವಾಪಸ್ ಹೋಗಿ ನಾಳೆ ಬಂದು ಮತ್ತೆ ಅದನ್ನೇ ಓದುತ್ತೆ ಅಂತ. ಫೈಲ್ ಹಿಡ್ಕೊಂಡು ಮೂರನೇ ದಿನ ಮೆಟ್ಲು ಹತ್ತುವಾಗ ಆ ದೆವ್ವದ ಮೇಲೆ ನಂಗೆ ಕನಿಕರ ಬಂತು.

ಇಲ್ಲಿ ಮಾಡ್ಬೇಕಾದ್ದು ಜಗಳ ಅಲ್ಲ, ನಂಬರ್ ಕೇಳೋದು. ಕರ್ನಾಟಕದಲ್ಲಿ ಸಕಾಲ ಕಾಯ್ದೆ 2011ರದ್ದು, ಜಾರಿಗೆ ಬಂದಿದ್ದು 2012ರ ಏಪ್ರಿಲಲ್ಲಿ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ತರದ ಸೇವೆಗಳಿಗೆ ಇಷ್ಟು ದಿನ ಅಂತ ನಿಗದಿ ಇದೆ, ಅರ್ಜಿ ಕೊಟ್ಟಾಗ 15 ಅಂಕಿಯ ಸಕಾಲ ನಂಬರಿರೋ ಸ್ವೀಕೃತಿ ಕೊಡ್ಬೇಕು. ದಿನ ಮೀರಿದ್ರೆ ಮೇಲ್ಮನವಿ ಹಾಕ್ಬಹುದು, ತಡಕ್ಕೆ ದಿನಕ್ಕೆ 20 ರೂಪಾಯಿ, ಜಾಸ್ತಿ ಅಂದ್ರೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ ಅಂತ ಕಾಯ್ದೆ ಹೇಳುತ್ತೆ. ದುಡ್ಡು ದೊಡ್ದಲ್ಲ. ಆದ್ರೆ "ಸಾರ್, ಸಕಾಲ ನಂಬರ್ ಕೊಟ್ಬಿಡಿ, ನಾನ್ ಆ ತಾರೀಕಿಗೇ ಬರ್ತೀನಿ" ಅಂತ ಮೆತ್ತಗೆ ಅಂದು ನೋಡಿ, ನಾಳೆ ಬನ್ನಿ ಅನ್ನೋಕೆ ಜಾಗಾನೇ ಇರಲ್ಲ. ಸ್ವರ ಮಾತ್ರ ಏರಿಸ್ಬೇಡಿ, ಒಳಗೆ ಕೂತೋರಿಗೂ ಒಂದೊಂದ್ ದಿನ ನಿಜವಾಗ್ಲೂ ಸರ್ವರ್ ಇರಲ್ಲ, ಜುಲೈ ಮಳೇಲಿ ನಮ್ಮೂರ ಕರೆಂಟು ಹೆಂಗೆ ಅಂತ ನಿಮಗೇ ಗೊತ್ತಲ್ಲ.

ಆಫೀಸ್ ಇಂಗ್ಲಿಷ್ ಬಗ್ಗೆ ನಂಗೆ ಗೊತ್ತಿರೋದೆಲ್ಲಾ ತಮ್ಮನಿಂದ, ಅವ್ನು ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಾನ ಮನೇಲಿ ಕೂತು ಮಾಡ್ತಾನೆ. ಒಂದಿನ ಮೀಟಿಂಗಲ್ಲಿ "ಐ ಡೋಂಟ್ ಹ್ಯಾವ್ ದ ಬ್ಯಾಂಡ್‌ವಿಡ್ತ್" ಅಂತಿದ್ದ, ಅಮ್ಮ ಅಡುಗೆಮನೆಯಿಂದಾನೇ "ಟವರ್ ಇಲ್ವೇನೋ, ಕಣದ ಕಡೆ ಹೋಗು, ಎರಡು ಕಡ್ಡಿ ಬರುತ್ತೆ" ಅಂದ್ರು. ಅವ್ನು ಹೇಳಿದ್ದು ಕೈ ತುಂಬಾ ಕೆಲಸ ಇದೆ ಅಂತ. ಹಂಗೇ ಹೇಳಕ್ಕೇನಾಗಿತ್ತು?

ಈ ಸಾಲಲ್ಲಿ ಡೇಂಜರ್ ಇರೋದು "ರಿವರ್ಟ್". ನಮ್ಮೋರು ಉತ್ತರ ಕೊಡಿ ಅನ್ನೋಕೆ ಅದನ್ನ ಬಳಸ್ತಾರೆ, ಆ ಪದದ ಅರ್ಥ ಮೊದ್ಲಿದ್ದ ಸ್ಥಿತಿಗೆ ವಾಪಸ್ ಹೋಗೋದು, ಸಾಫ್ಟ್‌ವೇರೋರಿಗೆ ಮಾಡಿದ ಕೆಲಸ ಅಳಿಸಿ ಹಿಂದಕ್ಕೆ ಹೋಗೋದು. ತಮ್ಮ ಹೊಸ ಹುಡುಗಂಗೆ "ಪ್ಲೀಸ್ ರಿವರ್ಟ್" ಅಂತ ಮೆಸೇಜ್ ಹಾಕಿದಾನೆ, ಆ ಮಗು ವಿಧೇಯತೆಯಿಂದ ಎರಡು ದಿನದ ಕೋಡನ್ನ ತೆಗೆದು ಹಾಕಿ "ಡನ್" ಅಂದಿದೆ. "ಡು ದ ನೀಡ್‌ಫುಲ್" (ಬೇಕಾದ್ದನ್ನ ಮಾಡಿ ಅಂತ) ಬ್ರಿಟಿಷರ ಕಾಲದ್ದು, ಅವ್ರ ಊರಲ್ಲೇ ಹಳೇದಾಗ್ಹೋಗಿದೆ, ನಾವು ಇನ್ನೂ ಇಸ್ತ್ರಿ ಮಾಡಿ ಹಾಕ್ಕೊಳ್ತಿದೀವಿ. ಅದನ್ನ ಟೈಪ್ ಮಾಡೋಕೆ ಮುಂಚೆ ಏನ್ ನೀಡು ಅಂತ ಒಂದ್ಸಲ ಕೇಳ್ಕೊಳ್ಳಿ, ಉತ್ತರ ಗೊತ್ತಿದ್ರೆ ಅದನ್ನೇ ಬರೀರಿ ("ಬಿಲ್ ನಂಬರ್ ಹಾಕಿ ಮತ್ತೆ ಕಳ್ಸಿ"), ಗೊತ್ತಿಲ್ದಿದ್ರೆ ಮೇಲ್ ಕಳ್ಸೋದೇ ಬೇಡ. ಡೆಡ್‌ಲೈನ್ ಅನ್ನೋದು ಮೊದ್ಲು 1864ರಲ್ಲಿ ಅಮೆರಿಕದ ಅಂತರ್ಯುದ್ಧದ ಟೈಮಲ್ಲಿ ಆಂಡರ್ಸನ್‌ವಿಲ್ ಸೆರೆಕ್ಯಾಂಪಲ್ಲಿ ಬೇಲಿ ಒಳಗಿದ್ದ ಗೆರೆ, ಖೈದಿ ದಾಟಿದ್ರೆ ಕಾವಲಿನೋರು ಗುಂಡು ಹೊಡೀತಿದ್ರು, ನಮ್ ಡೆಡ್‌ಲೈನ್ ದಾಟಿದ್ರೆ "ಜೆಂಟಲ್ ರಿಮೈಂಡರ್" ಬರುತ್ತೆ.

"ನಾವೆಲ್ಲಾ ಒಂದೇ ಫ್ಯಾಮಿಲಿ" ಅಂತ ಬಾಸ್ ಅಂದ್ರೆ ಮಾತ್ರ ಹುಷಾರು, ಹಿಂದೇನೇ "ಈ ತಿಂಗಳು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಬರುತ್ತೆ. ಅಡ್ಜಸ್ಟ್ ಅಂದ ತಕ್ಷಣ ಎಷ್ಟು ಅಂತ ಕೇಳಿ, ಎಷ್ಟು ದಿನ, ಎಷ್ಟು ರೂಪಾಯಿ. ಬಸ್ಸಲ್ಲಿ ಅಡ್ಜಸ್ಟ್ ಮಾಡಿ ಅಂದ್ರೆ ನಾಲ್ಕು ಬೆರಳು ಸರಿದ್ರೆ ಆಯ್ತು, ಅಲ್ಲಿ ವಾದ ಬೇಡ.

ನೆಂಟರ ಮಾತಿಗೆ ಕಾಯ್ದೆ ಇಲ್ಲ, ನಂಬರೂ ಇಲ್ಲ. ಮದುವೆ ಮನೇಲಿ ದೊಡ್ಡಮ್ಮ ಎಲೆ ಮುಂದೆ ಕೂತು "ನಿಂದ್ಯಾವಾಗೇ ಊಟ ಹಾಕ್ಸೋದು?" ಅಂತಾರೆ. ನಾನ್ ತುಂಬಾ ವರ್ಷ ನಕ್ಕು ಸುಮ್ನಾಗ್ತಿದ್ದೆ. ಈಗ "ಭಾನುವಾರ ಬನ್ನಿ ದೊಡ್ಡಮ್ಮ, ಕಡುಬು ಮಾಡ್ತೀನಿ" ಅಂತೀನಿ. ಒಂದ್ಸಲ ನಿಜವಾಗ್ಲೂ ಬಂದ್ರು, ಎಂಟು ಕಡುಬು ತಿಂದ್ರು, ಮದುವೆ ವಿಷಯ ಎತ್ತಲೇ ಇಲ್ಲ. "ಒಂದ್ ಮಾತ್ ಹೇಳ್ತೀನಿ ಬೇಜಾರ್ ಮಾಡ್ಕೋಬೇಡ" ಅಂತ ಶುರು ಮಾಡೋರಿಗೆ, "ಬೇಜಾರಾಗೋದಾದ್ರೆ ಊಟ ಮಾಡಿ ಆಮೇಲೆ ಹೇಳಿ ಅತ್ತೆ" ಅನ್ನಿ, ಮುಕ್ಕಾಲು ಪಾಲು ಜನ ಊಟ ಆದ್ಮೇಲೆ ಮರ್ತಿರ್ತಾರೆ. "ನಾನ್ ಅವತ್ತೇ ಹೇಳಿದ್ದೆ" ಅನ್ನೋದಕ್ಕೆ ಮದ್ದಿಲ್ಲ. ಹೌದು ಹೇಳಿದ್ರಿ ಅಂತ ಒಪ್ಕೊಂಡು ಮುಂದೆ ಹೋಗಿ.

ಇನ್ನು ಕೈ ಹಾಕ್ಬಾರದ ಮಾತುಗಳೂ ಇದಾವೆ, ಇದನ್ನ ಓದಿದ ಹುಮ್ಮಸ್ಸಲ್ಲಿ ಅವನ್ನೂ ಕಿತ್ತು ಹಾಕ್ಬೇಡಿ. ಹೊರಡುವಾಗ "ಹೋಗ್ತೀನಿ" ಅನ್ನಲ್ಲ ನಾವು, "ಹೋಗ್ಬರ್ತೀನಿ" ಅಂತೀವಿ, ವಾಪಸ್ ಬರೋ ತಾರೀಕು ಅದ್ರಲ್ಲಿ ಇಲ್ದಿದ್ರೂ ಯಾರೂ ಕೇಳಲ್ಲ. "ಊಟ ಆಯ್ತಾ" ಕೂಡ ಹಂಗೇ, ಪೇಟೆ ಹುಡುಗ್ರಿಗೆ ಕಿರಿಕಿರಿ ಅನ್ಸುತ್ತೆ, ದಿನಾ ಅದೇ ಪ್ರಶ್ನೆ ಅಂತ. ಅದು ಪ್ರಶ್ನೇನೇ ಅಲ್ವಲ್ಲ, ಚೆನ್ನಾಗಿದೀಯಾ ಅನ್ನೋದನ್ನ ಹೊಟ್ಟೆ ಮೂಲಕ ಕೇಳೋದು, "ಆಯ್ತು, ನಿಮ್ದು?" ಅಂದ್ರೆ ಮುಗೀತು. ಆದ್ರೆ ಮುಖ ನೋಡಿರದ ಗಂಡಸು ರಾತ್ರಿ ಹನ್ನೊಂದಕ್ಕೆ ಇನ್‌ಬಾಕ್ಸಿಗೆ ಬಂದು "ಊಟ ಆಯ್ತಾ" ಅಂದ್ರೆ ಅದು ಈ ಲೆಕ್ಕಕ್ಕೆ ಬರಲ್ಲ, ಅದಕ್ಕೆ ಬ್ಲಾಕ್ ಬಟನ್ ಇದೆ.

ಗೌಡ್ರು ಈಗ್ಲೂ ನಮ್ ಅಂಗಡಿಗೇ ಬರ್ತಾರೆ, ಅದು ಅವ್ರ ದೊಡ್ಡತನ. ಮೊನ್ನೆ ಸ್ಪ್ರೇಯರ್ ಬೆಲ್ಟ್ ಬೇಕಾಗಿತ್ತು, ಇರ್ಲಿಲ್ಲ. ನಾನ್ ಫೋನ್ ಮಾಡಿ ವಿಚಾರಿಸಿ ಎದೆ ಉಬ್ಬಿಸ್ಕೊಂಡು ಹೇಳ್ದೆ, "ಗುರುವಾರ ಸಂಜೆ ನಾಲ್ಕು ಗಂಟೆ ಬಸ್ಸಿಗೆ ಹಾಕ್ತಾರಂತೆ ಗೌಡ್ರೆ, ರಾತ್ರಿ ಕೈಗೆ ಸಿಗುತ್ತೆ". ಅವ್ರು ಜೇಬಿಂದ ಪೆನ್ ತೆಗ್ದು, ಬಿಲ್ ತಿರುಗ್ಸಿ, ಕನ್ನಡಕದ ಮೇಲಿಂದ ನನ್ನೇ ನೋಡ್ತಾ ಕೇಳಿದ್ರು.

"ಯಾವ್ ಗುರುವಾರ ಅಂತ ಬರ್ಕೊಳ್ಲಮ್ಮ?"