ಪೆಟ್ಟಿಗೆಯೊಳಗಿನ ಹಾಳೆ

ಒಂದೇ ಬೇಸಿಗೆಯಲ್ಲಿ ಒಂದೇ ಮೋಟಾರು ಎರಡು ಸಲ ಸುಟ್ಟಿತು. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ರಸ್ತೆಯಿಂದ ಒಳಗೆ ಸಿಗುವ ಒಂದು ಅಡಿಕೆ ತೋಟ. ಬೋರಿನೊಳಗೆ ಇಳಿಸುವ 5 ಎಚ್‌ಪಿ ಸಬ್‌ಮರ್ಸಿಬಲ್, ತ್ರೀ ಫೇಸ್. ಕೇಬಲ್ ಎಳೆದವನು ನಾನು, ಸ್ಟಾರ್ಟರ್ ಕೂರಿಸಿದವನೂ ನಾನೇ. ಮೊದಲ ಸಲ ಸುಟ್ಟಾಗ ವೋಲ್ಟೇಜ್ ಸರಿ ಇಲ್ಲ ಅಂದೆ. ಬೇಸಿಗೆಯಲ್ಲಿ ನಮ್ಮ ಕಡೆ ಹಾಗೆ ಹೇಳಿದರೆ ಯಾರೂ ಮರುಮಾತಾಡುವುದಿಲ್ಲ. ರಿವೈಂಡಿಂಗ್ ಮಾಡಿಸಿ ಇಳಿಸಿದ ತಿಂಗಳೊಳಗೆ ಮತ್ತೆ ಹೋಯಿತು. ತೋಟದ ಗೌಡರು ಬೈಯಲಿಲ್ಲ. "ಮಾರಾಯ, ಸಸಿ ಎಲ್ಲ ಬಾಡ್ತಾ ಇದಾವೆ. ಏನು ಅಂತ ಒಂದ್ಸಲ ಸರಿಯಾಗಿ ನೋಡು" ಅಂದರು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಮೋಟಾರಿನ ರಟ್ಟಿನ ಪೆಟ್ಟಿಗೆ ಅವರ ಅಟ್ಟದ ಮೇಲೆ ಹಾಗೇ ಇತ್ತು. ಒಳಗೆ ಕಂಪನಿಯ ಪುಸ್ತಕ. ಪ್ಲಾಸ್ಟಿಕ್ ಕವರ್ ಕೂಡ ಹರಿದಿರಲಿಲ್ಲ. ಜಗಲಿಯಲ್ಲಿ ಕೂತು ಮೊದಲ ಪುಟದಿಂದ ಓದಿದೆ. ಹಿಂದಿನ ಪುಟಗಳಲ್ಲಿ ಒಂದು ಪಟ್ಟಿ ಇತ್ತು. ಒಂದು ಕಡೆ ಎಚ್‌ಪಿ, ಇನ್ನೊಂದು ಕಡೆ ಕೇಬಲ್ ಎಷ್ಟು ಉದ್ದ, ನಡುವೆ ಎಷ್ಟು ಸ್ಕ್ವೇರ್ ಎಂಎಂ ದಪ್ಪದ ತಂತಿ ಹಾಕಬೇಕು ಅಂತ. ನಮ್ಮ ಸ್ಟಾರ್ಟರ್ ಇದ್ದಿದ್ದು ಮನೆಯ ಹತ್ತಿರ, ಬೋರ್ ಇದ್ದಿದ್ದು ಕೆಳಗಿನ ಕಣಿವೆಯಲ್ಲಿ. ಒಟ್ಟು ಸುಮಾರು 300 ಮೀಟರ್. ಆ ಉದ್ದಕ್ಕೆ ಪಟ್ಟಿ ಹೇಳಿದ್ದು 6 ಸ್ಕ್ವೇರ್ ಎಂಎಂ. ನಾನು ಹಾಕಿದ್ದು ಎರಡೂವರೆ. 5 ಎಚ್‌ಪಿಗೆ ಎರಡೂವರೆ ಸಾಕು ಅಂತ ಎಲ್ಲ ಕಡೆ ಹಾಕುತ್ತಿದ್ದೆ. ಹತ್ತಿರದ ಬೋರುಗಳಲ್ಲಿ ಅದು ನಡೆದುಬಿಟ್ಟಿತ್ತು.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ತಂತಿಗೆ ಒಂದು ಕಿಲೋಮೀಟರಿಗೆ ಸುಮಾರು 7.4 ಓಮ್ ತಡೆ ಇರುತ್ತದೆ. 300 ಮೀಟರಿಗೆ 2.2 ಓಮ್. ಮೋಟಾರು 8 ಆಂಪಿಯರ್ ಎಳೆದರೆ, ತ್ರೀ ಫೇಸಿನ ಗುಣಕ, ಮೋಟಾರಿನ ಪವರ್ ಫ್ಯಾಕ್ಟರ್ ಎರಡನ್ನೂ ಹಿಡಿದು, ದಾರಿಯಲ್ಲೇ ಹತ್ತಿರ ಹತ್ತಿರ 25 ವೋಲ್ಟ್ ಕಳೆದುಹೋಗುತ್ತದೆ. ಸಂಜೆ ಹೊತ್ತು ಸ್ಟಾರ್ಟರಿನಲ್ಲಿ 380 ತೋರಿಸಿದರೆ ಕೆಳಗೆ ಮೋಟಾರಿಗೆ ಸಿಗುವುದು 355. ಮೇಲೆತ್ತಬೇಕಾದ ನೀರು ಅಷ್ಟೇ ಇದೆ, ವೋಲ್ಟೇಜ್ ಕಡಿಮೆ. ಹಾಗಾಗಿ ಮೋಟಾರು ಆಂಪಿಯರ್ ಜಾಸ್ತಿ ಎಳೆಯುತ್ತದೆ, ಕಾಯಿಲ್ ಬಿಸಿಯಾಗುತ್ತದೆ. ಶುರುವಾಗುವ ಗಳಿಗೆಯಲ್ಲಂತೂ ಐದಾರು ಪಟ್ಟು ಕರೆಂಟು ಬೇಕು. ಆಗಿನ ನಷ್ಟ ಇನ್ನೂ ದೊಡ್ಡದು.

ಇದಕ್ಕಿಂತ ದೊಡ್ಡ ತಪ್ಪು ಮುಂದಿನ ಪುಟದಲ್ಲಿ ಸಿಕ್ಕಿತು. ಕರೆಂಟು ಮಿತಿ ಮೀರಿದರೆ ಮೋಟಾರು ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು ನೇಮ್ ಪ್ಲೇಟಿನ ಆಂಪಿಯರಿಗೇ ಇಡಿ, ಅದಕ್ಕಿಂತ ಮೇಲೆ ತಿರುಗಿಸಬೇಡಿ ಅಂತ ಬರೆದಿತ್ತು. ಮೊದಲ ವಾರ ಮೂರ್ನಾಲ್ಕು ಸಲ ಟ್ರಿಪ್ ಆಯಿತು ಅಂತ ನಾನೇ ಅದನ್ನು 12ಕ್ಕೆ ಏರಿಸಿದ್ದೆ. ರಿಲೇ ನಿಜ ಹೇಳುತ್ತಿತ್ತು. ನಾನು ಅದರ ಬಾಯಿ ಮುಚ್ಚಿದ್ದೆ.

ಎರಡನೇ ರಿವೈಂಡಿಂಗಿನ ದುಡ್ಡು ನಾನು ಕೊಟ್ಟೆ. ಗೌಡರು ಬೇಡ ಅಂದರೂ ಕೊಟ್ಟೆ. ಕೇಬಲ್ ಬದಲಾಯಿಸಿ, ರಿಲೇ ಸರಿ ಮಾಡಿ, ಕ್ಲ್ಯಾಂಪ್ ಮೀಟರ್ ಹಾಕಿ ಮೂರೂ ಫೇಸಿನ ಕರೆಂಟು ನೋಡಿದೆ. ಆ ಮೋಟಾರು ಆಮೇಲೆ ಸುಟ್ಟಿಲ್ಲ.

ನನಗೆ ಕೆಲಸ ಕಲಿಸಿದ ಮೇಸ್ತ್ರಿಯ ಕೈ ಬಹಳ ಚೊಕ್ಕ. ಅವರ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ. ಆದರೆ ಅವರ ಕಾಲದ ಮನೆ ಅಂದರೆ ನಾಲ್ಕು ಬಲ್ಬು, ಒಂದು ರೇಡಿಯೋ, ಕಿಟ್‌ಕ್ಯಾಟ್ ಫ್ಯೂಸು. ಅದಕ್ಕೆ ಕೈ ಅಂದಾಜು ಸಾಕಾಗುತ್ತಿತ್ತು. ಈಗ ಅದೇ ಮನೆಯಲ್ಲಿ ಗೀಸರ್, ಫ್ರಿಜ್ಜು, ಇನ್ವರ್ಟರ್, ಹಿತ್ತಲಲ್ಲಿ ಅಡಿಕೆ ಸುಲಿಯುವ ಮೆಷಿನ್ನು. ಒಂದು ತಂತಿ ಎಷ್ಟು ಬಿಸಿಯಾಗುತ್ತದೆ, ಒಂದು ಸ್ಕ್ರೂ ಎಷ್ಟು ಬಿಗಿಯಿರಬೇಕು ಅನ್ನುವುದು ಕೈಗೆ ಗೊತ್ತಾಗುವುದಿಲ್ಲ. ಈಗ ಫ್ಯೂಸಿನ ಬದಲು ಹಾಕುವ ಸ್ವಿಚ್ಚು ಎಂಸಿಬಿ. ಎಷ್ಟೋ ಎಂಸಿಬಿಗಳ ಮೈಮೇಲೇ ಸ್ಕ್ರೂ ಬಿಗಿ ಇಷ್ಟು ನ್ಯೂಟನ್ ಮೀಟರ್ ಅಂತ ಅಚ್ಚಾಗಿರುತ್ತದೆ. ನಾನು ಅದನ್ನು ವರ್ಷಗಟ್ಟಲೆ ನೋಡಿಯೂ ಓದಿರಲಿಲ್ಲ. ಈಗ ಬಿಗಿ ಅಳೆದು ತಿರುಗಿಸುವ ಟಾರ್ಕ್ ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದೇನೆ. ತ್ರೀ ಫೇಸ್ ಮನೆಯಲ್ಲಿ ಮೇನ್ ನ್ಯೂಟ್ರಲ್ ಒಂದು ಸಡಿಲವಾಗಿ ಬಿಟ್ಟುಕೊಂಡರೆ ಸಾಕು, ಒಂದು ಕೋಣೆಯಲ್ಲಿ ಬಲ್ಬು ಮಂಕಾಗುತ್ತದೆ, ಇನ್ನೊಂದರಲ್ಲಿ 230ರ ಟಿವಿಗೆ 300 ದಾಟಿದ ವೋಲ್ಟೇಜ್ ಹೋಗುತ್ತದೆ.

ಇನ್ನು ಮಳೆಗಾಲದ ಮಾತು. ಹೊಸನಗರದ ಹತ್ತಿರ ಒಬ್ಬರು ಟೀಚರ್ ಮನೆಗೆ ಜುಲೈನಲ್ಲಿ ಕರೆದರು. ಕರೆಂಟು ಸೋರಿದರೆ ಸಪ್ಲೈ ಕಡಿಯುವ ಸ್ವಿಚ್ಚು ಆರ್‌ಸಿಸಿಬಿ ದಿನಕ್ಕೆ ನಾಲ್ಕು ಸಲ ಟ್ರಿಪ್ ಆಗಿ ಬೀಳುತ್ತಿತ್ತು. "ನೋಡಿ, ಮಳೆಗೆ ಕರೆಂಟೇ ಇರಲ್ಲ. ಇದ್ದಾಗ ಇದೊಂದು ಕಾಟ. ತೆಗೆದು ಡೈರೆಕ್ಟ್ ಕೊಟ್ಟುಬಿಡಿ" ಅಂದರು. ಮಲೆನಾಡಿನಲ್ಲಿ ಈ ಮಾತು ಕೇಳದ ಎಲೆಕ್ಟ್ರಿಷಿಯನ್ ಇಲ್ಲ. ಕೊಟ್ಟುಬಿಟ್ಟವರೂ ಬಹಳ ಇದ್ದಾರೆ.

ನಾನು ಕೊಡಲಿಲ್ಲ. "ಟೀಚರ್, ಎಂಸಿಬಿ ಇರುವುದು ವೈರ್ ಕಾಯುವುದಕ್ಕೆ, ಇದು ಇರುವುದು ನಿಮ್ಮನ್ನು ಕಾಯುವುದಕ್ಕೆ" ಅಂತ ಹೇಳಿದೆ. 40 ವ್ಯಾಟ್ ಬಲ್ಬು ಎಳೆಯುವುದು ಸುಮಾರು 170 ಮಿಲಿ ಆಂಪಿಯರ್. ಅದರ ಐದರಲ್ಲೊಂದು ಪಾಲು ಎದೆ ಹಾದು ಹೋದರೂ ಜೀವಕ್ಕೆ ಅಪಾಯ. 16 ಆಂಪಿಯರಿನ ಎಂಸಿಬಿಗೆ ಅದು ಕಾಣಿಸುವುದೇ ಇಲ್ಲ. ಆರ್‌ಸಿಸಿಬಿ ಫೇಸಿನಲ್ಲಿ ಹೋದದ್ದು ನ್ಯೂಟ್ರಲ್ಲಿನಲ್ಲಿ ಪೂರ್ತಿ ವಾಪಸ್ ಬಂತಾ ಅಂತ ನೋಡುತ್ತಾ ಇರುತ್ತದೆ. 30 ಮಿಲಿ ಆಂಪಿಯರಿನಷ್ಟು ಬೇರೆ ದಾರಿ ಹಿಡಿಯುವಷ್ಟರಲ್ಲಿ ಕತ್ತರಿಸುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮದಲ್ಲೂ ಮನೆಗಳಿಗೆ 30 ಮಿಲಿ ಆಂಪಿಯರೇ ಮಿತಿ.

ಒಂದೊಂದೇ ಸರ್ಕ್ಯೂಟ್ ಬಿಡಿಸಿ, ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಾಕಿದೆ. ಮೂರು ಗಂಟೆ ಹಿಡಿಯಿತು. ಕೊನೆಗೆ ಸಿಕ್ಕಿದ್ದು ಕೊಟ್ಟಿಗೆಯ ಲೈಟು. ಹೊರಗಿನ ಜಂಕ್ಷನ್ ಬಾಕ್ಸಿಗೆ ಕೇಬಲ್ ಮೇಲಿನಿಂದ ಬಂದಿತ್ತು, ಕೇಬಲ್ ಸುತ್ತ ತೂತು ಬಿಗಿಯಾಗಿ ಮುಚ್ಚುವ ಗ್ಲ್ಯಾಂಡ್ ಹಾಕಿರಲಿಲ್ಲ. ಬಾಕ್ಸ್ ಮೇಲೆ ಐಪಿ 65 ಅಂತ ಇತ್ತು, ಅಂದರೆ ಧೂಳು, ನೀರು ಒಳಗೆ ಹೋಗುವುದಿಲ್ಲ ಅಂತ. ಆದರೆ ಕಂಪನಿ ಆ ಭರವಸೆ ಕೊಡುವುದು ಗ್ಲ್ಯಾಂಡ್ ಬಿಗಿದು, ಬೇಡದ ತೂತು ಮುಚ್ಚಿ, ಹೇಳಿದ ಹಾಗೆ ಕೂರಿಸಿದರೆ ಮಾತ್ರ. ಮುಚ್ಚಳ ತೆಗೆದರೆ ಒಳಗೆ ಅರ್ಧ ಲೋಟ ನೀರು. ಬಾಕ್ಸ್ ಬಿಗಿದಿದ್ದ ಕಬ್ಬಿಣದ ಕಂಬಕ್ಕೇ ದನ ಕಟ್ಟುತ್ತಿದ್ದರು. ಮನುಷ್ಯರಿಗಿಂತ ಕಡಿಮೆ ವೋಲ್ಟೇಜೇ ದನದ ಜೀವ ತೆಗೆಯಲು ಸಾಕು. ಟೀಚರ್ ಆ ಕಂಬವನ್ನು ನೋಡುತ್ತಾ ಸುಮ್ಮನೆ ನಿಂತರು.

ಅರ್ಥಿಂಗ್ ಇದ್ದರೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ನಮ್ಮದು ಜಂಬಿಟ್ಟಿಗೆ ನೆಲ. ಮಳೆಗಾಲದಲ್ಲಿ ಒದ್ದೆ, ಏಪ್ರಿಲ್ ಬಂದರೆ ಒಣಗಿದ ಇಟ್ಟಿಗೆ. ನೆಲದಲ್ಲಿ ಹೂತ ಒಂದೇ ಅರ್ಥಿಂಗ್ ಪೈಪಿನ ತಡೆಯನ್ನು ಆಗಸ್ಟಿನಲ್ಲಿ ಅಳೆದಾಗ 4 ಓಮ್ ಬಂದಿತ್ತು, ಏಪ್ರಿಲ್‌ನಲ್ಲಿ 19. ಗೀಸರಿನ ಮೈಗೆ ಫೇಸ್ ತಗಲಿದರೆ, 230ನ್ನು 19ರಿಂದ ಭಾಗಿಸಿ ನೋಡಿ, 12 ಆಂಪಿಯರ್ ನೆಲಕ್ಕೆ ಹರಿಯುತ್ತದೆ. 16ರ ಎಂಸಿಬಿ ಬೀಳುವುದೇ ಇಲ್ಲ. ಗೀಸರಿನ ಮೈಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. ಆದ್ದರಿಂದ ಅರ್ಥಿಂಗೂ ಬೇಕು, ಆರ್‌ಸಿಸಿಬಿಯೂ ಬೇಕು. ಪೈಪ್ ಎಷ್ಟು ಉದ್ದ, ಗೋಡೆಯಿಂದ ಎಷ್ಟು ದೂರ ಅನ್ನುವುದೆಲ್ಲ ಅರ್ಥಿಂಗಿನ ಭಾರತೀಯ ಮಾನದಂಡ ಐಎಸ್ 3043ರಲ್ಲಿ ಇದೆ. ಎರಡೂವರೆ ಮೀಟರ್ ಪೈಪು, ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್. ಬಂಡೆ ಸಿಕ್ಕಿತು ಅಂತ ಮೂರಡಿಗೆ ಪೈಪ್ ಕೊಯ್ದು ಹೂತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಂಡೆ ಸಿಕ್ಕಿದರೆ ಜಾಗ ಬದಲಾಯಿಸಬೇಕು, ಇಲ್ಲ ಇನ್ನೊಂದು ಪೈಪ್ ಹಾಕಿ ಜೋಡಿಸಬೇಕು. ಮಣ್ಣು ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ ಅನ್ನುವುದೇ ಈ ಕೆಲಸದ ಅಪಾಯ.

ಕಂಪನಿಯ ಹಾಳೆ ಆ ಒಂದು ಸಾಮಾನಿನ ಬಗ್ಗೆ ಹೇಳುತ್ತದೆ. ವೈರಿಂಗಿನ ಮಾನದಂಡ ಐಎಸ್ 732, ಅರ್ಥಿಂಗಿನ ಐಎಸ್ 3043 ಇಡೀ ಮನೆಯ ಬಗ್ಗೆ ಹೇಳುತ್ತವೆ. ನಾನು ಎರಡನ್ನೂ ನೋಡುತ್ತೇನೆ, ಎಲ್ಲಿ ಬಿಗಿ ಜಾಸ್ತಿ ಇದೆಯೋ ಅದನ್ನು ಹಿಡಿಯುತ್ತೇನೆ. ಒಂದು ನೋವು ಇದೆ, ಹೇಳಿಬಿಡುತ್ತೇನೆ. ನನ್ನ ಕೈಗೆ ಬರುವ ಹಾಳೆಗಳಲ್ಲಿ ಬಹುಪಾಲು ಇಂಗ್ಲಿಷಿನವು. ನನ್ನ ಜೊತೆ ಕೆಲಸ ಕಲಿಯುವ ಹುಡುಗರು ಕನ್ನಡದಲ್ಲಿ ಓದಿದವರು, ಬುದ್ಧಿ ಚುರುಕು. ಅದೇ ಪಟ್ಟಿ ಕನ್ನಡದಲ್ಲಿದ್ದರೆ ಅವರು ನನಗಿಂತ ಮೊದಲೇ ಓದಿ ಮುಗಿಸುತ್ತಾರೆ. ಈಗ ಸಂಜೆ ಕೂತು ಸಾಲು ಸಾಲಾಗಿ ಅರ್ಥ ಹೇಳುತ್ತೇನೆ, ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಸಾಗರದ ಕಡೆ ಒಂದು ಮನೆಗೆ ಸಿಡಿಲಿನ ರಕ್ಷಣೆಗೆ ಎಸ್‌ಪಿಡಿ, ಅಂದರೆ ಸಿಡಿಲಿನ ಹೊಡೆತವನ್ನು ಅರ್ಥಿಗೆ ತಿರುಗಿಸುವ ಸಾಧನ, ಹಾಕುವ ಕೆಲಸ ಬಂತು. ಅದು ನನಗೆ ಮೊದಲನೆಯದು. ಬೋರ್ಡಿನ ಒಳಗೆ ಜಾಗ ಇರಲಿಲ್ಲ. ಪಕ್ಕದ ಗೋಡೆಯಲ್ಲಿ ಚಂದ ಕಾಣುವ ಕಡೆ ಗುರುತು ಹಾಕಿ, ಗೋಡೆ ಕೊರೆದು, ಪೆಟ್ಟಿಗೆ ಕೂರಿಸಿದೆ. ವೈರ್ ಜೋಡಿಸುವ ಮೊದಲು ಹಾಳೆ ಬಿಡಿಸಿದೆ. ಎಸ್‌ಪಿಡಿಗೆ ಹೋಗುವ ಮತ್ತು ಅದರಿಂದ ಅರ್ಥ್ ಬಾರಿಗೆ ಬರುವ ವೈರ್ ಎರಡೂ ಸೇರಿ ಅರ್ಧ ಮೀಟರ್ ದಾಟಬಾರದು ಅಂತ ಇತ್ತು. ನನ್ನದು ಒಂದೂಕಾಲು ಮೀಟರ್ ಬರುತ್ತಿತ್ತು. ಸಿಡಿಲಿನ ಕರೆಂಟು ಏರುವ ವೇಗಕ್ಕೆ ಒಂದು ಮೀಟರ್ ವೈರಿನಲ್ಲೇ ಸಾವಿರ ವೋಲ್ಟಿನಷ್ಟು ಹುಟ್ಟುತ್ತದೆ. ಅದೆಲ್ಲ ಒಳಗಿನ ಫ್ರಿಜ್ಜು ಟಿವಿಗಳ ಮೇಲೆ ಬೀಳುತ್ತದೆ.

ಮನೆಯವರಿಗೆ ಹೇಳಿ ಪೆಟ್ಟಿಗೆ ಕಿತ್ತೆ. ಬೋರ್ಡಿಗೆ ಅಂಟಿದ ಹಾಗೆ ಮತ್ತೆ ಕೂರಿಸಿದೆ. ವೈರ್ 42 ಸೆಂಟಿಮೀಟರಿಗೆ ಬಂತು. ಮೊದಲಿನ ತೂತಿಗೆ ಸಿಮೆಂಟು, ಪುಟ್ಟಿ, ಬಣ್ಣ ನಾನೇ ತಂದು ಹಚ್ಚಿದೆ. ಗುರುತು ಹಾಕಿದ ಮೇಲೆ ಹಾಳೆ ಓದಿದವನು ನಾನು ತಾನೆ, ಆ ಖರ್ಚು ಅವರದಲ್ಲ.